ಚಳಿ ಊರಿನ ಹಿತ್ತಲಲ್ಲಿ ಬೀಜವಿಲ್ಲದ ದ್ರಾಕ್ಷಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ವಿಜಯಪುರದ ಕಡೆ. ಮನೆಯ ಹಿಂದೆಯೇ ದ್ರಾಕ್ಷಿ ಪಡ, ಅಂದರೆ ತೋಟ. ಈಗ ಇರುವುದು ಅಮೆರಿಕದ ಮಿನಿಯಾಪೊಲಿಸ್ ಪಕ್ಕದ ಒಂದು ಊರಲ್ಲಿ. ಹಿತ್ತಲಲ್ಲಿ 5 ಬಳ್ಳಿ ಇವೆ. ಮನೆಗೆ ಬಂದ ಕನ್ನಡದವರೆಲ್ಲ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಫೋನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆದಿಟ್ಟೆ. ಚಿಕಾಗೊ, ಟೊರೊಂಟೊ, ಬಾಸ್ಟನ್ ಕಡೆಯವರಿಗೂ ಬಹುಪಾಲು ಹೊಂದುತ್ತದೆ. ಅಲ್ಲಿ ಚಳಿ ನಮ್ಮಷ್ಟಿಲ್ಲ, ಪುಣ್ಯವಂತರು.

ಇಷ್ಟು ಚಳಿಯಲ್ಲಿ ದ್ರಾಕ್ಷಿ ಬರುತ್ತಾ?

ಬರುತ್ತದೆ. ನಮ್ಮ ಊರ ಹೊರಗೆ ನದಿ ದಂಡೆಯಲ್ಲಿ ಮರಗಳ ಮೇಲೆ ಹಬ್ಬಿರುವ ಕಾಡು ಬಳ್ಳಿ ನೋಡಿದ್ದೀರಲ್ಲ, ಅದೂ ದ್ರಾಕ್ಷಿಯೇ. ವೈಟಿಸ್ ರಿಪೇರಿಯಾ ಅಂತ ಹೆಸರು. ಸಾವಿರಾರು ವರ್ಷದಿಂದ ಇಲ್ಲೇ ಇದೆ, ಯಾರೂ ಅದಕ್ಕೆ ಕಂಬಳಿ ಹೊದಿಸಿಲ್ಲ. ಹಣ್ಣು ಸಣ್ಣದು, ಹುಳಿ, ತುಂಬ ಬೀಜ. ಆದರೆ ಆ ಬಳ್ಳಿಯ ಗಟ್ಟಿತನವನ್ನೇ ಬೇರೆ ತಳಿಗಳಿಗೆ ಕೂಡಿಸಿ ನಾವು ತಿನ್ನುವಂಥ ಹಣ್ಣು ಮಾಡಿದ್ದಾರೆ.

ಅಂಗಡಿಯಲ್ಲಿ ಸಿಗುವ ಹಸಿರು ದ್ರಾಕ್ಷಿ, ಅಂದರೆ ಥಾಮ್ಸನ್ ಸೀಡ್‌ಲೆಸ್ ಹಾಕಬಹುದಾ?

ಬೇಡ. ನಾನು ಮಾಡಿದ ಮೊದಲ ತಪ್ಪು ಅದೇ. ಊರಲ್ಲಿ ನಮ್ಮ ಪಡದ ತುಂಬ ಇದ್ದದ್ದು ಥಾಮ್ಸನ್. ಇಲ್ಲಿ ಒಂದು ದೊಡ್ಡ ಅಂಗಡಿಯ ಗಾರ್ಡನ್ ವಿಭಾಗದಲ್ಲಿ ಅದೇ ಹೆಸರಿನ ಚೀಟಿ ಕಂಡಿತು, ಊರಿನವರು ಸಿಕ್ಕಷ್ಟು ಖುಷಿಯಾಗಿ ತಂದುಬಿಟ್ಟೆ. ಬೇಸಿಗೆಯಲ್ಲಿ 8 ಅಡಿ ಬೆಳೆಯಿತು. ಮುಂದಿನ ಏಪ್ರಿಲ್‌ನಲ್ಲಿ ಕಡ್ಡಿ ಮುರಿದರೆ ಪುಳ್ಳೆ ಥರ ಪಟ್ ಅಂತು. ಮೈನಸ್ 15ರಿಂದ 18 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಅದರ ಕಥೆ ಮುಗಿಯಿತು. ನಮ್ಮಲ್ಲಿ ಅಷ್ಟು ಚಳಿ ಡಿಸೆಂಬರ್‌ನಲ್ಲೇ ಬರುತ್ತದೆ. ಫ್ಲೇಮ್, ಕ್ರಿಮ್ಸನ್ ಕೂಡ ಹೀಗೆಯೇ. ಅಂಗಡಿಯವರು ಮಾರುತ್ತಾರೆ ಅಂದ ಮಾತ್ರಕ್ಕೆ ಆ ಗಿಡ ನಿಮ್ಮೂರಿಗೆ ಆಗುತ್ತದೆ ಅಂತಲ್ಲ.

ಹಾಗಾದರೆ ಯಾವ ತಳಿ ಹಾಕಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಚಳಿ ಊರಲ್ಲಿ ದ್ರಾಕ್ಷಿ ಅಂದರೆ ಮುಕ್ಕಾಲು ಪಾಲು ತಳಿಯ ಆಯ್ಕೆ. ಮಣ್ಣು, ಗೊಬ್ಬರ, ಔಷಧ ಎಲ್ಲ ಆಮೇಲೆ.

ಮೊದಲು ನಿಮ್ಮ ಊರು ಯಾವ ಹಾರ್ಡಿನೆಸ್ ಝೋನ್‌ನಲ್ಲಿದೆ, ಅಂದರೆ ಚಳಿಯ ಲೆಕ್ಕದಲ್ಲಿ ಯಾವ ವಲಯಕ್ಕೆ ಸೇರಿದೆ ಅಂತ ನೋಡಿಕೊಳ್ಳಿ. ಮಿನಿಯಾಪೊಲಿಸ್ ಸುತ್ತಮುತ್ತ 4 ಮತ್ತು 5ರ ಗಡಿಯಲ್ಲಿದೆ. ಝೋನ್ 4 ಅಂದರೆ ವರ್ಷದ ಅತಿ ಚಳಿಯ ರಾತ್ರಿ ಮೈನಸ್ 29ರಿಂದ 34 ಡಿಗ್ರಿ, ಝೋನ್ 5 ಅಂದರೆ ಮೈನಸ್ 23ರಿಂದ 29. ಒಂದು ಮಾತು ಮರೆಯಬೇಡಿ. ಇದು ಹಲವು ವರ್ಷಗಳ ಸರಾಸರಿ. ಸರಾಸರಿಯನ್ನು ನಂಬಿ ಕೂತರೆ ಒಂದು ವರ್ಷ ಪೆಟ್ಟು ಬಿದ್ದೇ ಬೀಳುತ್ತದೆ. 2019ರ ಜನವರಿ 30ರಂದು ಇಲ್ಲಿ ಮೈನಸ್ 33 ಆಗಿತ್ತು.

ಝೋನ್ 4ಕ್ಕೆ ನನ್ನ ಉತ್ತರ ಒಂದೇ: ಸಾಮರ್‌ಸೆಟ್ ಸೀಡ್‌ಲೆಸ್. ಬೀಜವಿಲ್ಲದವುಗಳಲ್ಲಿ ಇಷ್ಟು ಚಳಿ ತಡೆಯುವುದು ಬೇರೆ ಸಿಗುವುದು ಕಷ್ಟ. ಮೈನಸ್ 34ರ ತನಕ ನಿಲ್ಲುತ್ತದೆ ಅಂತ ಲೆಕ್ಕ. ಹಣ್ಣು ಸಣ್ಣದು, ಗುಲಾಬಿ ಬಣ್ಣದಿಂದ ಕೆಂಪಿಗೆ ತಿರುಗುತ್ತದೆ, ಪೂರ್ತಿ ಮಾಗಿದರೆ ಸ್ಟ್ರಾಬೆರಿ ವಾಸನೆ ಬರುತ್ತದೆ. ಇದನ್ನು ಮಾಡಿದವರು ಎಲ್ಮರ್ ಸ್ವೆನ್ಸನ್ (1913-2004). ವಿಸ್ಕಾನ್ಸಿನ್‌ನ ಆಸಿಯೋಲಾ ಹತ್ತಿರ ಹಸು ಸಾಕಿಕೊಂಡಿದ್ದ ರೈತ. 1943ರಿಂದ ತಮ್ಮ ಹೊಲದಲ್ಲಿ ಆ ಕಾಡು ರಿಪೇರಿಯಾಕ್ಕೆ ಬೇರೆ ಬೇರೆ ತಳಿ ಕೂಡಿಸುತ್ತಾ ಹೋದರು. ಆಮೇಲೆ 1969ರಿಂದ 10 ವರ್ಷ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು. ಬೆಳಗ್ಗೆ ಸಂಜೆ ಹಾಲು ಕರೆಯುವ ಮನುಷ್ಯ ನಡುವೆ ಬಿಡುವು ಮಾಡಿಕೊಂಡು ಹೂವಿಗೆ ಹೂವು ಮುಟ್ಟಿಸುತ್ತಿದ್ದರು. ನಮ್ಮ ಅಪ್ಪನಿಗೆ ಈ ಕಥೆ ಬಹಳ ಇಷ್ಟ.

ಝೋನ್ 5 ಆದರೆ ಆಯ್ಕೆ ಜಾಸ್ತಿ. ಥಾಮ್ಸನ್ ರುಚಿಯೇ ಬೇಕು ಅನ್ನುವವರಿಗೆ ಹಿಮ್ರಾಡ್. ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿ ಒಂಟಾರಿಯೊ ಅನ್ನುವ ತಳಿಗೆ ನಮ್ಮ ಥಾಮ್ಸನ್ನನ್ನೇ ಕೂಡಿಸಿ ಮಾಡಿದ್ದು, 1952ರಲ್ಲಿ ಬಿಡುಗಡೆಯಾಯಿತು. ಹೊನ್ನಿನ ಹಸಿರು, ಜೇನಿನಂಥ ಸಿಹಿ. ಆದರೆ ಮೈನಸ್ 25ರ ಆಸುಪಾಸಿನಲ್ಲಿ ಅದರ ಕಣ್ಣು, ಅಂದರೆ ಕಡ್ಡಿಯ ಮೊಗ್ಗು ಸಾಯುತ್ತವೆ, ಅದಕ್ಕೇ ನಾನು ಚಳಿಗಾಲದಲ್ಲಿ ಅದನ್ನು ನೆಲಕ್ಕೆ ಮಲಗಿಸಿ ಮುಚ್ಚುತ್ತೇನೆ. ಇಂಟರ್‌ಲೇಕನ್ ಅದರ ಅಣ್ಣ, ಅದೇ ತಂದೆತಾಯಿ. ಕೆಂಪು ಬೇಕಾದರೆ ಕ್ಯಾನಡೈಸ್ (1977) ಅಥವಾ ಅರ್ಕಾನ್ಸಾದ ರಿಲಯನ್ಸ್. ಕ್ಯಾನಡೈಸ್ ಗೊಂಚಲು ಒತ್ತಾಗಿರುತ್ತದೆ, ಮಳೆ ಹಿಡಿದರೆ ಒಳಗೆ ಕೊಳೆಯುತ್ತದೆ. ರಿಲಯನ್ಸ್ ರುಚಿ ಚೆನ್ನಾಗಿದೆ, ಮಾಗುವ ಹೊತ್ತಿಗೆ ಜೋರು ಮಳೆ ಬಂದರೆ ಒಡೆಯುತ್ತದೆ. ತಪ್ಪಿಲ್ಲದ ತಳಿ ಅಂತ ಒಂದೂ ಇಲ್ಲ.

ಕೆನಡಾದವರಿಗೆ ವನೆಸ್ಸಾ ಇದೆ, ಒಂಟಾರಿಯೊದ ವೈನ್‌ಲ್ಯಾಂಡ್‌ನಲ್ಲಿ ಮಾಡಿದ್ದು. ಸೆಪ್ಟೆಂಬರ್‌ನಲ್ಲಿ ಟೊರೊಂಟೊ ಅಂಗಡಿಗಳಿಗೆ ಬುಟ್ಟಿಯಲ್ಲಿ ಬರುವ ನೀಲಿ ದ್ರಾಕ್ಷಿ ಕೊರೊನೇಷನ್.

ನಮಗೆ ಬೆಂಗಳೂರು ನೀಲಿ ದ್ರಾಕ್ಷಿಯ ರುಚಿ ಬೇಕು. ಇಲ್ಲಿ ಸಿಗುತ್ತಾ?

ತುಂಬ ಹತ್ತಿರದ್ದು ಸಿಗುತ್ತದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಆ ನೀಲಿ ದ್ರಾಕ್ಷಿಯಲ್ಲೂ ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ರಕ್ತ ಇದೆ. ಹಿಚುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಬಾಯಿಗೆ ಜಾರುತ್ತದಲ್ಲ, ಅದು ಲಬ್ರುಸ್ಕಾ ಗುಣ. ಇಲ್ಲಿನ ಕಾಂಕರ್ಡ್ ಕೂಡ ಅದೇ ಬಳಗ. ಬೀಜವಿಲ್ಲದ್ದು ಬೇಕಾದರೆ ಮಾರ್ಸ್ ಹಾಕಿ. ಇದೂ ಅರ್ಕಾನ್ಸಾದ್ದೇ, ಝೋನ್ 5ಕ್ಕೆ ಆಗುತ್ತದೆ, ರೋಗವೂ ಕಡಿಮೆ. ನಮ್ಮ ಮನೆಗೆ ಬಂದ ದೊಡ್ಡಬಳ್ಳಾಪುರದ ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, "ಇದು ನಮ್ಮೂರ್ದೇ, ಬೀಜ ಯಾರೋ ತೆಗೆದವ್ರೆ" ಅಂದರು.

ಊರಿಂದ ಬರುವಾಗ ಒಂದು ಕಡ್ಡಿ ಬ್ಯಾಗಿನಲ್ಲಿ ತಂದರೆ?

ತರುವಂತಿಲ್ಲ. ಬೇರೆ ದೇಶದ ದ್ರಾಕ್ಷಿ ಕಡ್ಡಿಯ ಜೊತೆ ವೈರಸ್, ಕೀಟ ಬರುತ್ತವೆ ಅಂತ ಬಿಗಿ ಕಾನೂನಿದೆ. ಏರ್‌ಪೋರ್ಟ್‌ನಲ್ಲಿ ಸಿಕ್ಕಿಬಿದ್ದರೆ ದಂಡ. ತಂದರೂ ಮೊದಲ ಚಳಿಗೇ ಸಾಯುತ್ತದೆ.

ಬೀಜವೇ ಇಲ್ಲ ಅಂದಮೇಲೆ ಗಿಡ ಎಲ್ಲಿಂದ ಬರುತ್ತದೆ? ಹಣ್ಣು ಯಾಕೆ ಅಂಗಡಿಯದ್ದಕ್ಕಿಂತ ಸಣ್ಣದು?

ಗಿಡ ಬರುವುದು ಕಡ್ಡಿಯಿಂದ. ಜಗತ್ತಿನ ಹಿಮ್ರಾಡ್ ಎಲ್ಲವೂ ಒಂದೇ ಬಳ್ಳಿಯ ತುಂಡುಗಳು ಅಂದುಕೊಳ್ಳಿ. ಇನ್ನು ಬೀಜದ ವಿಷಯ: ಈ ತಳಿಗಳಲ್ಲಿ ಬೀಜ ಶುರುವಾಗುತ್ತದೆ, ಆದರೆ ಬೆಳೆಯುವ ಮುಂಚೆ ಅರ್ಧಕ್ಕೇ ನಿಂತುಬಿಡುತ್ತದೆ. ಅದಕ್ಕೇ ಕೆಲವು ಹಣ್ಣಲ್ಲಿ, ಕೆಲವು ವರ್ಷ, ಮೆತ್ತಗಿನ ಚೂರು ನಾಲಿಗೆಗೆ ಸಿಗುತ್ತದೆ. ಹೆದರಬೇಡಿ, ಯಾರೂ ಮೋಸ ಮಾಡಿಲ್ಲ.

ಹಣ್ಣನ್ನು ಹಿಗ್ಗಿಸುವ ಹಾರ್ಮೋನು ಬೀಜದಿಂದ ಬರುತ್ತದೆ. ಬೀಜ ಅರ್ಧಕ್ಕೇ ನಿಂತರೆ ಹಿಗ್ಗುವುದೂ ಅಷ್ಟಕ್ಕೇ. ದೊಡ್ಡ ತೋಟದವರು ಆ ಹಾರ್ಮೋನನ್ನೇ ಹೊರಗಿಂದ ಹೊಡೆಯುತ್ತಾರೆ. ಜಿಬ್ಬರಲಿಕ್ ಆಸಿಡ್, ನಮ್ಮೂರಲ್ಲಿ ಸುಮ್ನೆ ಜಿ.ಎ. ಅನ್ನುತ್ತಾರೆ. ಹಿತ್ತಲಿಗೆ ಅದು ಬೇಡ. ಗೊಂಚಲು ಕಡಿಮೆ ಮಾಡಿ, ಉಳಿದ ಹಣ್ಣು ತಾನಾಗೇ ಒಂದಷ್ಟು ದಪ್ಪಗಾಗುತ್ತದೆ.

ಒಂದೇ ಬಳ್ಳಿ ಸಾಕಾ, ಜೋಡಿ ಬೇಕಾ?

ಒಂದೇ ಸಾಕು. ಮೇಲೆ ಹೇಳಿದ ತಳಿಗಳೆಲ್ಲ ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ.

ಎಲ್ಲಿ ನೆಡಬೇಕು?

ದಕ್ಷಿಣಕ್ಕೆ ಮುಖ ಮಾಡಿದ ಗೋಡೆ ಅಥವಾ ಬೇಲಿ ಇದ್ದರೆ ಅಲ್ಲಿ. ದಿನಕ್ಕೆ 7-8 ಗಂಟೆ ನೇರ ಬಿಸಿಲು ಬೇಕು. ಹಿತ್ತಲಿನ ತಗ್ಗು ಜಾಗ ಬೇಡವೇ ಬೇಡ. ತಣ್ಣನೆಯ ಗಾಳಿ ನೀರಿದ್ದ ಹಾಗೆ, ರಾತ್ರಿ ಇಳಿಜಾರಿಗೆ ಹರಿದು ತಗ್ಗಲ್ಲಿ ನಿಲ್ಲುತ್ತದೆ. ನನ್ನ ಹಿತ್ತಲಲ್ಲೇ ಮೇಲಿನ ಬಳ್ಳಿಗೂ ಕೆಳಗಿನ ಬಳ್ಳಿಗೂ ಇರುವುದು 4 ಅಡಿ ಏರು. ಒಂದು ಮೇ ತಿಂಗಳಲ್ಲಿ ಕೆಳಗಿನದು ಸುಟ್ಟು ಕಪ್ಪಾಗಿತ್ತು, ಮೇಲಿನದಕ್ಕೆ ಏನೂ ಆಗಿರಲಿಲ್ಲ.

ಮಣ್ಣು ತೀರಾ ಫಲವತ್ತಾಗಿ ಇರಬೇಕಿಲ್ಲ, ನೀರು ನಿಲ್ಲಬಾರದು ಅಷ್ಟೆ. ಬಳ್ಳಿಯಿಂದ ಬಳ್ಳಿಗೆ 6ರಿಂದ 8 ಅಡಿ.

ನೆಡುವುದು ಹೇಗೆ? ಕಸಿ ಗಿಡ ತರಬೇಕಾ?

ನರ್ಸರಿಯವರು ವಸಂತದಲ್ಲಿ ಮಣ್ಣಿಲ್ಲದ, ಬರೀ ಬೇರಿರುವ ಒಣಗಿದ ಕಡ್ಡಿಯಂಥದ್ದನ್ನು ಕಳಿಸುತ್ತಾರೆ. ಸತ್ತಿದೆ ಅಂತ ಬಿಸಾಡಬೇಡಿ. 2-3 ಗಂಟೆ ನೀರಲ್ಲಿ ಬೇರು ನೆನೆಸಿ, ಬೇರು ಹರಡಿಕೊಳ್ಳುವಷ್ಟು ಗುಂಡಿ ತೋಡಿ, ನರ್ಸರಿಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳಕ್ಕೆ ನೆಡಿ. ಆಮೇಲೆ 2-3 ಕಣ್ಣು ಉಳಿಸಿ ಮೇಲಿನದು ಕತ್ತರಿಸಿ. ಕಣ್ಣು ಅಂದರೆ ಕಡ್ಡಿಯ ಮೇಲೆ ಗಂಟು ಗಂಟಾಗಿ ಕಾಣುವ ಮೊಗ್ಗು.

ಕಸಿ ಗಿಡ ಬೇಡ. ನಮ್ಮ ಕಡೆ ಡಾಗ್‌ರಿಡ್ಜ್ ಅನ್ನುವ ಬೇರೆ ದ್ರಾಕ್ಷಿಯ ಬೇರಿನ ಮೇಲೆ ಕಸಿ ಕಟ್ಟುವುದು ಅಲ್ಲಿನ ಉಪ್ಪು ನೀರಿಗೆ, ಬರಕ್ಕೆ. ಇಲ್ಲಿನ ಲೆಕ್ಕ ಬೇರೆ. ಒಂದು ಕೆಟ್ಟ ಚಳಿಗಾಲ ಮೇಲಿನದನ್ನೆಲ್ಲ ಕೊಂದರೂ ಬುಡದಿಂದ ಮತ್ತೆ ಚಿಗುರುತ್ತದೆ. ಸ್ವಂತ ಬೇರಿನ ಗಿಡವಾದರೆ ಬರುವುದು ಅದೇ ತಳಿ. ಕಸಿ ಗಿಡವಾದರೆ ಬುಡದ ತಳಿ ಎದ್ದು ನಿಲ್ಲುತ್ತದೆ. ನೀವು ಹಿಮ್ರಾಡ್ ಅಂತ 3 ವರ್ಷ ನೀರು ಹಾಕಿ ಕೊನೆಗೆ ಯಾವುದೋ ಬೇರಿನ ದ್ರಾಕ್ಷಿ ತಿನ್ನಬೇಕಾಗುತ್ತದೆ.

ಗೊಬ್ಬರ ಎಷ್ಟು?

ಕಡಿಮೆ. ಜುಲೈ ಆದಮೇಲೆ ಏನೂ ಬೇಡ. ತಡವಾಗಿ ಸಾರಜನಕ ಸಿಕ್ಕಿದರೆ ಬಳ್ಳಿ ಸೆಪ್ಟೆಂಬರ್‌ನಲ್ಲೂ ಚಿಗುರುತ್ತಲೇ ಇರುತ್ತದೆ, ಕಡ್ಡಿ ಬಲಿಯುವುದಿಲ್ಲ. ಹಸಿರಾಗಿ ಉಳಿದ ಕಡ್ಡಿ ಮೊದಲ ಚಳಿಗೆ ಹೋಯಿತು.

ಹಣ್ಣಿಗೆ ಎಷ್ಟು ವರ್ಷ ಕಾಯಬೇಕು?

3ನೇ ವರ್ಷ ಬಾಯಿಗೆ ರುಚಿ, 4-5ನೇ ವರ್ಷ ಬುಟ್ಟಿಗೆ ಹಣ್ಣು. ಮೊದಲ ಎರಡು ವರ್ಷ ಹೂವಿನ ಗೊಂಚಲು ಬಂದರೆ ಚಿವುಟಿಬಿಡಿ. ಮಕ್ಕಳಿಂದ ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ. ಚೆನ್ನಾಗಿ ಬೆಳೆದ ಒಂದು ಬಳ್ಳಿ ಆಮೇಲೆ ವರ್ಷಕ್ಕೆ 10ರಿಂದ 20 ಪೌಂಡ್ ಕೊಡುತ್ತದೆ.

ಕತ್ತರಿಸುವುದು ಯಾವಾಗ, ಎಷ್ಟು?

ಜನ ಹೆಚ್ಚು ಹೆದರುವುದು ಇದಕ್ಕೇ, ತಪ್ಪು ಮಾಡುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಜಯಪುರದಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಬಳ್ಳಿ ಕತ್ತರಿಸುವುದಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಮಾಡಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಲ್ಲಿ ಬಳ್ಳಿಗೆ ನಿದ್ದೆ ಅನ್ನುವುದೇ ಇಲ್ಲ, ನಾವೇ ಕತ್ತರಿ ಹಾಕಿ ಎಬ್ಬಿಸಬೇಕು. ಇಲ್ಲಿ ಬಳ್ಳಿ ನವೆಂಬರ್‌ನಿಂದ ಏಪ್ರಿಲ್ ತನಕ ಗಾಢ ನಿದ್ದೆ. ಚಾಟ್ನಿ ಒಂದೇ, ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ. ಅಂದರೆ ಊರಲ್ಲಿ ಎರಡು ಹಂತದಲ್ಲಿ ನಡೆಯುವ ಕೆಲಸ ಇಲ್ಲಿ ಒಂದೇ ಬೇಸಿಗೆಯಲ್ಲಿ ಒಟ್ಟಿಗೆ ನಡೆಯುತ್ತದೆ. ಈ ವರ್ಷದ ಹಣ್ಣು ಮಾಗುತ್ತಿರುವಾಗಲೇ ಮುಂದಿನ ವರ್ಷದ ಹೂವು ಕಣ್ಣಿನೊಳಗೆ ತಯಾರಾಗುತ್ತಿರುತ್ತದೆ.

ಇದು ಅರ್ಥವಾದರೆ ಉಳಿದದ್ದು ಸಲೀಸು. ಹಣ್ಣು ಬರುವುದು ಕಳೆದ ಬೇಸಿಗೆಯಲ್ಲಿ ಬೆಳೆದ ಕಡ್ಡಿಯ ಕಣ್ಣಿಂದ ಹೊರಡುವ ಹೊಸ ಚಿಗುರಿನಲ್ಲಿ. ಹಳೇ ದಪ್ಪ ಕಾಂಡದಿಂದ ನೇರ ಹೊರಟ ಚಿಗುರಿನಲ್ಲಿ ಹಣ್ಣು ಅಪರೂಪ. ಹಾಗಾಗಿ ಪ್ರತಿ ವರ್ಷ ಕೆಲವು ಒಳ್ಳೆಯ ಒಂದು ವರ್ಷದ ಕಡ್ಡಿ ಉಳಿಸಿ ಮಿಕ್ಕಿದ್ದೆಲ್ಲ ತೆಗೆಯಬೇಕು. ಕಳೆದ ವರ್ಷ ಬೆಳೆದದ್ದರಲ್ಲಿ ನೂರಕ್ಕೆ 80-90 ಪಾಲು ನೆಲಕ್ಕೆ ಬೀಳಬೇಕು. ಹೌದು, ಅಷ್ಟು.

ನಾನು ಮಾಡುವ ರೀತಿ ಹೇಳುತ್ತೇನೆ. ಎರಡು ತಂತಿ, ನೆಲದಿಂದ 3 ಅಡಿಗೆ ಒಂದು, 6 ಅಡಿಗೆ ಒಂದು. ಎರಡೂ ತಂತಿಯ ಮೇಲೆ ಆಚೆಗೊಂದು ಈಚೆಗೊಂದು, ಒಟ್ಟು 4 ಕಡ್ಡಿ. ಪೆನ್ಸಿಲ್ ದಪ್ಪ, ಕಂದು ಬಣ್ಣ, ಕಳೆದ ಬೇಸಿಗೆಯಲ್ಲಿ ಬಿಸಿಲು ಕಂಡದ್ದು, ಕಾಂಡಕ್ಕೆ ಹತ್ತಿರ ಹುಟ್ಟಿದ್ದು, ಇಂಥದ್ದನ್ನೇ ಆರಿಸುತ್ತೇನೆ. ಒಂದೊಂದರಲ್ಲಿ 10 ಕಣ್ಣಿನಷ್ಟು ಬಿಟ್ಟು ತುದಿ ಕತ್ತರಿಸುತ್ತೇನೆ. ಪ್ರತಿ ಕಡ್ಡಿಯ ಬುಡದ ಪಕ್ಕ ಇನ್ನೊಂದು ಕಡ್ಡಿಯನ್ನು 2 ಕಣ್ಣಿಗೆ ಮೊಟಕು ಮಾಡಿ ಬಿಡುತ್ತೇನೆ, ಮುಂದಿನ ವರ್ಷದ ಕಡ್ಡಿ ಅಲ್ಲಿಂದ. ಥಾಮ್ಸನ್ ಮತ್ತು ಅದರ ಮಕ್ಕಳಲ್ಲಿ ಬುಡದ ಮೊದಲ ಕೆಲವು ಕಣ್ಣು ಬಂಜೆ, ಅದಕ್ಕೇ ಹಿಮ್ರಾಡ್‌ಗೆ ಉದ್ದ ಕಡ್ಡಿ ಬಿಡಲೇಬೇಕು. ಮೊಟಕು ಕಡ್ಡಿ ಮಾತ್ರ ಬಿಟ್ಟು ಬರೀ ಎಲೆ ಬಂತು ಅಂತ ಅತ್ತವರನ್ನು ನೋಡಿದ್ದೇನೆ.

ಎಷ್ಟು ಕಣ್ಣು ಅನ್ನುವುದಕ್ಕೆ ಕಾಂಕರ್ಡ್ ಬೆಳೆಗಾರರದ್ದೊಂದು ಹಳೇ ಲೆಕ್ಕ ಇದೆ. ಕತ್ತರಿಸಿ ಬಿದ್ದ ಒಂದು ವರ್ಷದ ಕಡ್ಡಿಯನ್ನು ತೂಗಿ. ಮೊದಲ ಪೌಂಡಿಗೆ 30 ಕಣ್ಣು, ಆಮೇಲಿನ ಒಂದೊಂದು ಪೌಂಡಿಗೆ ಇನ್ನೂ 10. ಬಳ್ಳಿಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ ಹೊರೆ. ಅಡುಗೆಮನೆ ತಕ್ಕಡಿ ಸಾಕು.

ಮೊದಲ ಸಲ ನಾನು ಕತ್ತರಿಸಿ ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಕಾಲ ಕೆಳಗೆ ಮೊಣಕಾಲೆತ್ತರ ಕಡ್ಡಿ ಬಿದ್ದಿತ್ತು, ನನಗೇ ಭಯ. ಅಪ್ಪ ಸ್ವಲ್ಪ ಹೊತ್ತು ನೋಡಿ, "ಇನ್ನೂ ಭಾಳ ಬಿಟ್ಟೀಯಲ್ಲೋ ತಮ್ಮಾ, ಹೊಡಿ ಕತ್ರಿ" ಅಂದರು.

ಕತ್ತರಿಸಿದ ಜಾಗದಿಂದ ನೀರು ತೊಟ್ಟಿಕ್ಕುತ್ತಿದೆ. ಬಳ್ಳಿ ಸಾಯುತ್ತಾ?

ಇಲ್ಲ. ಬೇರು ಎದ್ದಿದೆ ಅಂತ ಅರ್ಥ. ಏನೂ ಹಚ್ಚಬೇಡಿ.

ಬಳ್ಳಿ ಕಾಡಿನ ಹಾಗೆ ಬೆಳೆದಿದೆ, ಹಣ್ಣು ಮಾತ್ರ ಇಲ್ಲ. ಯಾಕೆ?

ಕತ್ತರಿಸಿಲ್ಲ, ಅದಕ್ಕೇ. ಎಲೆಯ ಮೇಲೆ ಎಲೆ ಬಿದ್ದು ಒಳಗಿನ ಕಡ್ಡಿಗೆ ಬಿಸಿಲೇ ಕಾಣುವುದಿಲ್ಲ. ಬಿಸಿಲು ಕಾಣದ ಕಣ್ಣಿನಲ್ಲಿ ಹೂವು ಕೂರುವುದಿಲ್ಲ. ಜೂನ್ ಕೊನೆಗೆ ಗೊಂಚಲಿನ ಸುತ್ತಲಿನ ಒಂದೆರಡು ಎಲೆ ತೆಗೆಯಿರಿ, ಬುಡದಿಂದ ಏಳುವ ಬೇಡದ ಚಿಗುರು ಕಿತ್ತುಹಾಕಿ. ಹುಲ್ಲಿಗೆ ಹಾಕುವ ಗೊಬ್ಬರ ಬಳ್ಳಿಯ ಬುಡಕ್ಕೂ ಬೀಳುತ್ತಿದೆಯಾ ಅಂತಲೂ ನೋಡಿ.

ಚಳಿಗಾಲದಲ್ಲಿ ಮುಚ್ಚಬೇಕಾ?

ಸಾಮರ್‌ಸೆಟ್‌ಗೆ ನಾನು ಏನೂ ಮಾಡುವುದಿಲ್ಲ. ಹಿಮ್ರಾಡ್ ಮತ್ತು ಮಾರ್ಸ್ ಮಲಗಿಸುತ್ತೇನೆ. ಅದಕ್ಕೆ ಮೊದಲ ವರ್ಷದಿಂದಲೇ ಕಾಂಡವನ್ನು ನೆಟ್ಟಗೆ ನಿಲ್ಲಿಸದೆ ನೆಲಕ್ಕೆ ಓರೆಯಾಗಿ ಬೆಳೆಸಬೇಕು. ನೆಟ್ಟಗೆ ಬೆಳೆದ ದಪ್ಪ ಕಾಂಡವನ್ನು 5ನೇ ವರ್ಷ ಬಗ್ಗಿಸಲು ಹೋದರೆ ಮುರಿಯುತ್ತದೆ. ಮುರಿದಿದ್ದೇನೆ, ಆ ಶಬ್ದ ಇನ್ನೂ ಕಿವಿಯಲ್ಲಿದೆ.

ಎಲೆ ಪೂರ್ತಿ ಉದುರಿ, ನಾಲ್ಕಾರು ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ) ತಿಂದು ಬಳ್ಳಿ ನಿದ್ದೆಗೆ ಹೋದ ಮೇಲೆ, ನೆಲ ಕಲ್ಲಾಗುವ ಮುಂಚೆ ಈ ಕೆಲಸ ಆಗಬೇಕು. ನಮ್ಮಲ್ಲಿ ನವೆಂಬರ್ ಮಧ್ಯ, ದೀಪಾವಳಿ ಆದ ಸ್ವಲ್ಪ ದಿನಕ್ಕೆ ಅಂತ ನೆನಪಿಟ್ಟುಕೊಂಡಿದ್ದೇನೆ. ಕಡ್ಡಿಗಳನ್ನು ತಂತಿಯಿಂದ ಬಿಡಿಸಿ, ಕಟ್ಟು ಕಟ್ಟಿ, ನೆಲಕ್ಕೆ ಒತ್ತಿ, ಮೇಲೆ ಒಣಹುಲ್ಲು ಅಥವಾ ಮಣ್ಣು. ಅದರ ಮೇಲೆ ಸ್ನೋ ಬಿದ್ದರೆ ಅದಕ್ಕಿಂತ ಒಳ್ಳೆಯ ಕಂಬಳಿ ಇಲ್ಲ. ಏಪ್ರಿಲ್‌ನಲ್ಲಿ ಕಣ್ಣು ಉಬ್ಬುವ ಮುಂಚೆ ತೆಗೆದು ಮತ್ತೆ ಕಟ್ಟಬೇಕು.

ಕಾಂಡದ ಬುಡಕ್ಕೆ ಒಂದು ಸುತ್ತು ತಂತಿಬಲೆ ಹಾಕಿ. ಫೆಬ್ರವರಿಯಲ್ಲಿ ಮೊಲಕ್ಕೆ ತಿನ್ನಲು ಬೇರೆ ಏನೂ ಇರುವುದಿಲ್ಲ, ತೊಗಟೆ ಸುಲಿದು ತಿನ್ನುತ್ತದೆ.

ಚಳಿಗಾಲ ಕಳೆದ ಮೇಲೆ ಕಣ್ಣು ಬದುಕಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಇದು ನನಗೆ ಬಹಳ ಇಷ್ಟದ ಕೆಲಸ. ಮಾರ್ಚ್‌ನಲ್ಲಿ ಒಂದೆರಡು ಕಡ್ಡಿ ಒಳಗೆ ತಂದು ಒಂದು ದಿನ ಬೆಚ್ಚಗಿಡಿ. ಹರಿತವಾದ ಬ್ಲೇಡಿನಿಂದ ಕಣ್ಣನ್ನು ಅಡ್ಡಲಾಗಿ, ಈರುಳ್ಳಿ ತುದಿ ಕತ್ತರಿಸುವ ಹಾಗೆ ತೆಳ್ಳಗೆ ಸೀಳಿ. ಒಳಗೆ ಒಂದಲ್ಲ, ಮೂರು ಮೊಗ್ಗು ಅಂಟಿಕೊಂಡು ಕೂತಿರುತ್ತವೆ. ನಡುವಿನ ದೊಡ್ಡದೇ ಯಜಮಾನ, ಹಣ್ಣೆಲ್ಲ ಬಹುಪಾಲು ಅದರದ್ದು. ಹಸಿರಿದ್ದರೆ ಬದುಕಿದೆ, ಕಂದು ಅಥವಾ ಕಪ್ಪಾಗಿದ್ದರೆ ಸತ್ತಿದೆ. ಅದು ಸತ್ತರೂ ಪಕ್ಕದ ಎರಡನೆಯದು ಚಿಗುರುತ್ತದೆ, ಹಣ್ಣು ಮಾತ್ರ ಕಡಿಮೆ. 10 ಕಣ್ಣು ಸೀಳಿ ನೋಡಿ. 5 ಸತ್ತಿದ್ದರೆ ಆ ವರ್ಷ ಚಾಟ್ನಿಯಲ್ಲಿ ಎರಡರಷ್ಟು ಕಣ್ಣು ಬಿಡಿ. ಲೆಕ್ಕ ಸರಿಹೋಯಿತು.

2019ರ ಆ ಚಳಿಯಾದ ಮೇಲೆ ನನ್ನ ಹಿಮ್ರಾಡ್‌ನ ಸ್ನೋ ಮೇಲೆ ಉಳಿದಿದ್ದ ಕಡ್ಡಿಯಲ್ಲಿ 10ಕ್ಕೆ 10 ಕಪ್ಪು. ಅದೇ ಬಳ್ಳಿಯ ಸ್ನೋ ಕೆಳಗಿದ್ದ ಕಡ್ಡಿಯಲ್ಲಿ 8 ಹಸಿರು. ನಡುವೆ ಇದ್ದದ್ದು ಒಂದು ಅಡಿ ಹಿಮ.

ಮೇ ತಿಂಗಳಲ್ಲಿ ಚಿಗುರು ಬಂದಮೇಲೆ ಫ್ರಾಸ್ಟ್ ಬಿದ್ದರೆ?

ನೆನಪಿರಲಿ, ಮೈನಸ್ 30 ತಡೆದ ಬಳ್ಳಿಯ ಎಳೆ ಚಿಗುರು ಮೈನಸ್ 2ಕ್ಕೆ ಹೋಗುತ್ತದೆ. ಸಂಜೆಯೇ ಹಳೇ ಬೆಡ್‌ಶೀಟ್ ಹೊದಿಸಿ, ನೆಲ ಮುಟ್ಟುವ ಹಾಗೆ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದ ಜಾಗವೇ ಸುಡುತ್ತದೆ. ಚಾಟ್ನಿ ಒಂದು ವಾರ ತಡ ಮಾಡಿದರೆ ಚಿಗುರೂ ಸ್ವಲ್ಪ ತಡವಾಗುತ್ತದೆ, ಅದೂ ಒಂದು ಉಪಾಯ.

ಎಲೆಗಳು ಬೀಸಣಿಗೆ ಥರ ಮುದುಡಿವೆ, ನರಗಳು ಬೆಳ್ಳಗೆ ಸಾಲು ಸಾಲು. ಇದು ಯಾವ ರೋಗ?

ಬಹುಶಃ ರೋಗವೇ ಅಲ್ಲ. ಅಕ್ಕಪಕ್ಕದಲ್ಲಿ ಯಾರೋ ಹುಲ್ಲಿನ ಕಳೆಗೆ 2,4-ಡಿ ಅನ್ನುವ ಕಳೆನಾಶಕ ಹೊಡೆದಿರುತ್ತಾರೆ. ದ್ರಾಕ್ಷಿಗೆ ಅದರ ಗಾಳಿ ಸೋಕಿದರೂ ಸಾಕು. ಒಂದು ಜೂನ್‌ನಲ್ಲಿ ಪಕ್ಕದ ಮನೆಯ ಹುಲ್ಲಿಗೆ ಒಂದು ಕಂಪನಿಯವರು ಗಾಳಿ ಬೀಸುತ್ತಿದ್ದ ಮಧ್ಯಾಹ್ನ ಔಷಧ ಹೊಡೆದು ಹೋದರು. ವಾರದೊಳಗೆ ನನ್ನ ಮಾರ್ಸ್‌ನ ಹೊಸ ಎಲೆಗಳು ಮಡಿಸಿದ ಕಾಗದದ ಹಾಗೆ ಆದವು. ಮೊದಲು ನಾನು ವೈರಸ್ ಅಂತ ತಿಳಿದು ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡೆ. ಆ ವರ್ಷ ಹಣ್ಣು ಸರಿಯಾಗಿ ಮಾಗಲಿಲ್ಲ, ಮರುವರ್ಷ ಬಳ್ಳಿ ಸುಧಾರಿಸಿತು. ಜಗಳಕ್ಕೆ ಹೋಗಬೇಡಿ. ಏಪ್ರಿಲ್‌ನಲ್ಲೇ ಪಕ್ಕದ ಮನೆಯವರಿಗೆ ಹೇಳಿಡಿ, ಸೆಪ್ಟೆಂಬರ್‌ನಲ್ಲಿ ಒಂದು ಬುಟ್ಟಿ ಹಣ್ಣು ಕೊಡಿ. ನಮ್ಮ ಪಕ್ಕದವರು ಈಗ ಬೇಲಿ ಹತ್ತಿರ ಔಷಧ ಹೊಡೆಯಲು ಬಿಡುವುದೇ ಇಲ್ಲ.

ಹುಳ, ರೋಗ?

ಜುಲೈನಲ್ಲಿ ಜಪಾನೀಸ್ ಬೀಟಲ್ ಬರುತ್ತದೆ, ತಾಮ್ರದ ಬಣ್ಣದ ಬೆನ್ನಿನ ಜೀರುಂಡೆ. 1916ರಲ್ಲಿ ನ್ಯೂಜೆರ್ಸಿಯಲ್ಲಿ ಮೊದಲು ಕಂಡದ್ದು, ಈಗ ನಮ್ಮ ಹಿತ್ತಲಲ್ಲಿ. ಎಲೆಯ ನರ ಮಾತ್ರ ಬಿಟ್ಟು ಉಳಿದದ್ದು ತಿಂದು ಜಾಳಿಗೆ ಮಾಡುತ್ತದೆ. ಬೆಳಗ್ಗೆ ತಂಪಿನಲ್ಲಿ ಮಂಕಾಗಿರುತ್ತವೆ, ಸೋಪಿನ ನೀರಿನ ಡಬ್ಬ ಕೆಳಗೆ ಹಿಡಿದು ಎಲೆ ತಟ್ಟಿದರೆ ತಾವೇ ಬೀಳುತ್ತವೆ. ನಮ್ಮ ಮಗಳಿಗೆ ಹತ್ತಕ್ಕೆ ಒಂದು ಸೆಂಟ್ ಕೂಲಿ ಇತ್ತು, ಈಗ ಐದು ಸೆಂಟ್ ಕೇಳುತ್ತಿದ್ದಾಳೆ. ವಾಸನೆಯ ಬಲೆ ತೂಗುಹಾಕಬೇಡಿ, ಬೀದಿಯ ಬೀಟಲ್ ಎಲ್ಲ ನಿಮ್ಮ ಮನೆಗೇ ಬರುತ್ತವೆ.

ರೋಗದಲ್ಲಿ ನನ್ನನ್ನು ಕಾಡಿದ್ದು ಬ್ಲ್ಯಾಕ್ ರಾಟ್. ಹಸಿರು ಕಾಯಿ ಒಂದೇ ವಾರದಲ್ಲಿ ಕಪ್ಪಗೆ ಸುಕ್ಕುಗಟ್ಟಿ ಒಣದ್ರಾಕ್ಷಿ ಥರ ಆಗುತ್ತದೆ. ಆ ಸುಕ್ಕಿದ ಕಾಯಲ್ಲೇ ರೋಗ ಚಳಿಗಾಲ ಕಳೆಯುತ್ತದೆ. ತಂತಿಯ ಮೇಲೆ, ನೆಲದ ಮೇಲೆ ಒಂದೂ ಬಿಡದೆ ಆರಿಸಿ ಕಸಕ್ಕೆ ಹಾಕಿ. ಬೂದಿ ರೋಗಕ್ಕೆ ಊರಲ್ಲಿ ಗಂಧಕ ಹೊಡೆದು ಅಭ್ಯಾಸ ಇದ್ದವರು ಹುಷಾರು. ಕಾಂಕರ್ಡ್ ಬಳಗದ ಕೆಲವು ತಳಿಗಳ ಎಲೆ ಗಂಧಕಕ್ಕೆ ಸುಡುತ್ತವೆ.

ಹಣ್ಣು ಕೀಳುವುದು ಯಾವಾಗ?

ಬಣ್ಣ ನೋಡಿ ಮೋಸ ಹೋಗಬೇಡಿ. ಬಣ್ಣ ಬಂದ ಎರಡು ಮೂರು ವಾರದ ಮೇಲೆ ಸಿಹಿ ಬರುತ್ತದೆ. ದ್ರಾಕ್ಷಿ ಮಾವಿನ ಹಾಗೆ ಅಲ್ಲ, ಕಿತ್ತಮೇಲೆ ಹುಲ್ಲಲ್ಲಿಟ್ಟರೂ ಮಾಗುವುದಿಲ್ಲ. ಬೀಜವಿದ್ದರೆ ಅದು ಕಂದಾಯಿತಾ ಅಂತ ನೋಡಬಹುದಿತ್ತು, ನಮಗೆ ಆ ಅನುಕೂಲವೂ ಇಲ್ಲ. ಗೊಂಚಲಿನ ತುದಿಯ ಹಣ್ಣು ತಿಂದು ನೋಡಿ, ಮೇಲಿನವು ಮೊದಲು ಮಾಗುತ್ತವೆ. ತುದಿಯದ್ದು ಸಿಹಿ ಇದ್ದರೆ ಗೊಂಚಲು ಪೂರ್ತಿ ಆಯಿತು. ನಮ್ಮಲ್ಲಿ ಸಾಮರ್‌ಸೆಟ್ ಆಗಸ್ಟ್ ಕೊನೆಗೆ, ಅಂದರೆ ಹೆಚ್ಚುಕಮ್ಮಿ ಗಣೇಶನ ಹಬ್ಬದ ಹೊತ್ತಿಗೆ. ಐದು ಹಣ್ಣಿನಲ್ಲಿ ಒಂದು ನಮ್ಮ ಹಿತ್ತಲದ್ದೇ.

ಹಕ್ಕಿಗಳಿಗೂ ಅದೇ ದಿನ ಗೊತ್ತಿರುತ್ತದೆ. ಬಣ್ಣ ತಿರುಗುವ ಮೊದಲೇ ಬಲೆ ಹಾಕಿ, ಅಥವಾ ಅಂಗಡಿಯ ತೆಳು ಬಟ್ಟೆ ಚೀಲ ಒಂದೊಂದು ಗೊಂಚಲಿಗೆ ಕಟ್ಟಿ.

ಒಣದ್ರಾಕ್ಷಿ ಮಾಡಬಹುದಾ?

ಮಣೂಕ ಊರಲ್ಲಿ ಗಾಳಿಗೇ ಒಣಗುತ್ತದೆ. ಇಲ್ಲಿನ ಸೆಪ್ಟೆಂಬರ್ ಗಾಳಿಯಲ್ಲಿ ಬೂಸ್ಟು ಹಿಡಿಯುತ್ತದೆ. ಡಿಹೈಡ್ರೇಟರ್ ಇದ್ದರೆ ಮಾಡಿ. ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ಹಾಕಿದರೆ ಸಿಪ್ಪೆ ಬಿರುಕು ಬಿಟ್ಟು ಬೇಗ ಒಣಗುತ್ತದೆ.

ಮನೆಯಲ್ಲಿ ನಾಯಿ ಇದೆ.

ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಕಿಡ್ನಿ ಹೋಗುತ್ತದೆ. ಉದುರಿದ್ದನ್ನು ದಿನಾ ಗುಡಿಸಿ. ತಿಂದರೆ ಕಾಯದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ನಮ್ಮದು ಅಪಾರ್ಟ್‌ಮೆಂಟ್, ಕುಂಡದಲ್ಲಿ ಆಗುತ್ತಾ?

15-20 ಗ್ಯಾಲನ್ ಕುಂಡದಲ್ಲಿ ಆಗುತ್ತದೆ, ನಾಲ್ಕಾರು ಗೊಂಚಲು. ಆದರೆ ಚಳಿಗಾಲದಲ್ಲಿ ಕುಂಡವನ್ನು ಬಾಲ್ಕನಿಯಲ್ಲಿ ಬಿಟ್ಟರೆ ಬೇರು ಸಾಯುತ್ತದೆ. ಬಳ್ಳಿಯಲ್ಲಿ ಚಳಿಗೆ ಅತಿ ಮೆತ್ತಗಿನ ಭಾಗವೇ ಬೇರು, ನೆಲದೊಳಗೆ ಮಣ್ಣು ಅದನ್ನು ಕಾಯುತ್ತದೆ. ಮನೆಯೊಳಗೆ ಬೆಚ್ಚಗೂ ಇಡುವಂತಿಲ್ಲ, ನಿದ್ದೆ ಸಾಲದೆ ವಸಂತದಲ್ಲಿ ಅಡ್ಡಾದಿಡ್ಡಿ ಚಿಗುರುತ್ತದೆ. ಹೀಟರ್ ಇಲ್ಲದ ಗರಾಜ್ ಸರಿ. ತಿಂಗಳಿಗೊಮ್ಮೆ ಒಂದು ಲೋಟ ನೀರು.

ನಿಮ್ಮ ಬಳ್ಳಿಯಿಂದ ನಮಗೊಂದು ಕಡ್ಡಿ ಕೊಡ್ತೀರಾ?

ಸಾಮರ್‌ಸೆಟ್ ಕೊಡುತ್ತೇನೆ. ಮಾರ್ಚ್ ಕೊನೆಯ ಶನಿವಾರ ಚಾಟ್ನಿ, ಆ ದಿನ ಬನ್ನಿ. ಒದ್ದೆ ಪೇಪರ್, ಒಂದು ಪ್ಲಾಸ್ಟಿಕ್ ಚೀಲ ತನ್ನಿ. 3-4 ಕಣ್ಣಿರುವ ತುಂಡು ಮಾಡಿ ಕೊಡುತ್ತೇನೆ. ಕೆಳಗಿನ ತುದಿ ನೆಟ್ಟಗೆ, ಮೇಲಿನ ತುದಿ ಓರೆಯಾಗಿ ಕತ್ತರಿಸಿರುತ್ತೇನೆ, ಯಾವುದು ತಲೆ ಯಾವುದು ಕಾಲು ಅಂತ ಮರೆಯದಿರಲಿ ಅಂತ. ಫ್ರಿಜ್‌ನಲ್ಲಿ ತರಕಾರಿ ಡ್ರಾಯರ್‌ನಲ್ಲಿಟ್ಟು ಮೇ ತಿಂಗಳಲ್ಲಿ ಒಂದು ಕಣ್ಣು ಮಾತ್ರ ಮೇಲೆ ಕಾಣುವ ಹಾಗೆ ಮಣ್ಣಿಗೆ ಚುಚ್ಚಿ. ನಾಲ್ಕು ಚುಚ್ಚಿದರೆ ಎರಡು ಬದುಕುತ್ತವೆ. ಬೇರು ಬಿಟ್ಟಿದೆಯಾ ಅಂತ ದಿನಾ ಎಳೆದು ನೋಡಬೇಡಿ.